ಕಿವಿ ಕೇಳದ ತಮ್ಮನಿಗೆ ಯಾವ ಕೋರ್ಸ್ ಕೊಡಿಸಲಿ?

ಪ್ರಶ್ನೆ: ನಮಸ್ತೆ ಮೇಡಂ. ನಮ್ಮದು ರಾಣೆಬೆನ್ನೂರು ಹತ್ತಿರ ಹಳ್ಳಿ. ತಮ್ಮನಿಗೆ 21 ವರ್ಷ, ಹುಟ್ಟಿನಿಂದ ಕಿವಿ ಕೇಳಲ್ಲ, ಮಾತು ಬರಲ್ಲ. ಕಿವುಡ ಮಕ್ಕಳ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದಾನೆ. ಹೊಲದ ಮೋಟಾರ್ ಕೆಟ್ಟರೆ ತಾನೇ ಬಿಚ್ಚಿ ಕೂರುತ್ತಾನೆ. ಈಗ ಯಾರೋ ಫೋನ್ ಮಾಡಿ, 15,000 ಕಟ್ಟಿದರೆ ಕಂಪ್ಯೂಟರ್ ಕಲಿಸಿ ಬೆಂಗಳೂರಲ್ಲಿ ಗ್ಯಾರಂಟಿ ಕೆಲಸ ಕೊಡಿಸ್ತೀವಿ ಅಂತಿದ್ದಾರೆ. ಕಟ್ಟೋದಾ?

ಉತ್ತರ: ಕಟ್ಟಬೇಡಿ. ಅಂಗವಿಕಲ ಯುವಕರಿಗೆ ದುಡ್ಡಿಲ್ಲದೆ ಕಲಿಸುವ ಕಡೆ ಬೇಕಾದಷ್ಟಿವೆ. ಬೆಂಗಳೂರಿನಲ್ಲೇ ಎಪಿಡಿ ಅನ್ನೋ ಸಂಸ್ಥೆ 1959ರಿಂದ ಇದೆ, ಸಮರ್ಥನಂ, ಎನೇಬಲ್ ಇಂಡಿಯಾ ಸಂಸ್ಥೆಗಳೂ ಇವೆ. ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಇದೆಯಾ ನೋಡಿ. ಇಲ್ಲದಿದ್ದರೆ ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ಅಂಗವಿಕಲರಿಗೆ ನೆರವಾಗುವ ಕಾರ್ಯಕರ್ತರಾದ ವಿಆರ್‌ಡಬ್ಲ್ಯೂ ಹತ್ತಿರ ಹೋಗಿ, ಅರ್ಜಿ ಹಾಕೋಕೆ ಅವರೇ ಸಹಾಯ ಮಾಡ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸರ್ಕಾರಿ ಕೆಲಸದಲ್ಲಿ ಅಂಗವಿಕಲರಿಗೆ ಕನಿಷ್ಠ ಶೇ 4 ಮೀಸಲು, ಅದರಲ್ಲಿ ಶೇ 1 ಕಿವಿ ಕೇಳದವರಿಗೇ. ವೈಕಲ್ಯ ಶೇ 40ಕ್ಕಿಂತ ಕಡಿಮೆ ಇರಬಾರದು, ಸರ್ಟಿಫಿಕೇಟ್ ಬೇಕೇ ಬೇಕು.

ಆದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಆ ಮೋಟಾರ್. ಕಿವುಡ ಹುಡುಗ ಅಂದರೆ ಡೇಟಾ ಎಂಟ್ರಿ ಇಲ್ಲಾ ಪ್ಯಾಕಿಂಗ್ ಅಂತ ಎಲ್ಲರೂ ಮೊದಲೇ ತೀರ್ಮಾನ ಮಾಡಿಬಿಡ್ತಾರೆ, ಅವನಿಗೇನು ಇಷ್ಟ ಅಂತ ಯಾರೂ ಕೇಳಲ್ಲ. ನೀವು ಕೇಳಿದ್ದೀರಾ?

ಪ್ರಶ್ನೆ: ಇಲ್ಲ ಮೇಡಂ, ಕೇಳಿಲ್ಲ. ಬೆಂಗಳೂರಿಗೆ ಒಬ್ಬನೇ ಕಳಿಸೋಕೆ ಅಮ್ಮನಿಗೂ ಭಯ.

ಉತ್ತರ: ಬೆಂಗಳೂರೇ ಆಗಬೇಕಂತಿಲ್ಲ. 1982ರಲ್ಲಿ ಉಜಿರೆಯಲ್ಲಿ ಯುವಕರಿಗೆ ಸ್ವಉದ್ಯೋಗ ಕಲಿಸುವ ರುಡ್‌ಸೆಟ್ ಶುರುವಾಯ್ತಲ್ಲ, ಅದೇ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿ ಈಗ ಜಿಲ್ಲೆ ಜಿಲ್ಲೆಯಲ್ಲೂ ಇವೆ. ಊಟ, ವಸತಿ, ತರಬೇತಿ ಎಲ್ಲ ಉಚಿತ. ಮೋಟಾರ್ ರಿವೈಂಡಿಂಗ್, ಬೈಕ್ ರಿಪೇರಿ ತರಹದ ಬ್ಯಾಚ್ ಇರುತ್ತವೆ. ಅಲ್ಲಿ ಕಲಿಸುವವರಿಗೆ ಸನ್ನೆ ಭಾಷೆ ಬರೋದು ಕಷ್ಟ, ಹಾಗಾಗಿ ಮೊದಲೆರಡು ದಿನ ಅವನ ಹಳೇ ಶಾಲೆಯ ಮೇಷ್ಟ್ರು ಯಾರಾದರೂ ಜೊತೆಗೆ ಕೂರ್ತಾರಾ ಕೇಳಿ. ಕೈ ಕೆಲಸವನ್ನು ನೋಡಿಯೇ ಕಲೀತಾರೆ. ತೊಡಕಾಗೋದು ಓದೋದರಲ್ಲಿ. ಕನ್ನಡ ಅವನ ಕಿವಿಗೆ ಬಿದ್ದೇ ಇಲ್ಲ ಅಲ್ವಾ, ಎಸ್ಸೆಸ್ಸೆಲ್ಸಿ ಪಾಸಾಗಿದ್ದರೂ ಉದ್ದದ ವಾಕ್ಯ ಅರ್ಥ ಆಗದೇ ಇರಬಹುದು. ಇದನ್ನು ಮನೆಯಲ್ಲೇ ಸರಿ ಮಾಡಬಹುದು. ದಿನಾ ವಾಟ್ಸಾಪ್‌ನಲ್ಲಿ ಮೆಸೇಜ್ ಹಾಕಿ. ‘ನಾಳೆ ರಜೆ’, ‘ಎರಡನೇ ಶಿಫ್ಟಿಗೆ ಬಾ’, ‘ಕಾಯಿಲ್ ಸುಟ್ಟಿದೆ, ಗಿರಾಕಿ ಸಂಜೆ ಬರ್ತಾರೆ’. ಅವನಿಂದ ಉತ್ತರ ಬರೆಸಿ. ತಪ್ಪಾದರೆ ಆಗಲಿ.

ಅಮ್ಮನ ಭಯಕ್ಕೂ ಇದೇ ದಾರಿ. ಹಾವೇರಿಗೆ ಬಸ್ಸಲ್ಲಿ ಒಬ್ಬನೇ ಹೋಗಿ ಬರಲಿ, ಎಟಿಎಂನಲ್ಲಿ ದುಡ್ಡು ತೆಗೆಯಲಿ. ಕೆಲಸ ಸಿಕ್ಕಿಯೂ ಬಿಟ್ಟು ಬರುವ ಹುಡುಗರನ್ನು ಜಾಸ್ತಿ ನೋಡಿದ್ದೀನಿ. ಅವರಿಗೆ ಕೈಗೆ ಕೆಲಸ ಬರ್ತಿತ್ತು, ಸಂಬಳದ ಚೀಟಿ ನೋಡಿ ಲೆಕ್ಕ ಕೇಳೋಕೆ, ರಜೆ ಬೇಕು ಅಂತ ಹೇಳೋಕೆ ಮನೆಯವರು ಕಲಿಸಿರಲಿಲ್ಲ.

ಆರ್‌ಸೆಟಿಗೆ ಮುಂದಿನ ಬ್ಯಾಚ್ ವಿಚಾರಿಸೋಕೆ ಹೋಗುವಾಗ ಅವನನ್ನೂ ಕರೆದುಕೊಂಡು ಹೋಗಿ. ಎಲ್ಲ ಬ್ಯಾಚ್ ತೋರಿಸಿ, ಅವನೇ ಆರಿಸಲಿ.