ಮಾತೇ ಬಾರದ ಮನೆಯಲ್ಲಿ ದೋಸ್ತಿ ಆಗುತ್ತಾ?

ಗುಮ್ಮಟದೂರಿನವ:
2013ರ ‘ಕಿನಿರೊ ಮೊಸಾಯ್ಕ್’ ಅನ್ನೋ ಅನಿಮೆಯ (ಜಪಾನಿ ಕಾರ್ಟೂನ್ ಸರಣಿ) ಮೊದಲ ಕಂತು ನಿನ್ನೆ ನೋಡಿದೆ. ಜಪಾನಿನ ಶಿನೊಬು ಹೋಮ್‌ಸ್ಟೇಗೆ ಅಂತ ಇಂಗ್ಲೆಂಡಿಗೆ ಹೋಗಿ ಆಲಿಸ್ ಮನೆಯಲ್ಲಿ ಉಳಿಯುತ್ತಾಳೆ. ಇವಳಿಗೆ ಇಂಗ್ಲಿಷ್ ಬರಲ್ಲ, ಅವಳಿಗೆ ಜಪಾನಿ ಬರಲ್ಲ, ಆದರೂ ಹೊರಡುವ ಹೊತ್ತಿಗೆ ಬಿಟ್ಟಿರಲಾರದಷ್ಟು ದೋಸ್ತಿ! ಸುಮ್ನೆ ಕಥೆಗೆ ಚೆಂದ, ಅಲ್ವಾ?

ಟಿಳಕವಾಡಿ ಹುಡುಗಿ:
ಇಲ್ಲ ಅಣ್ಣ, ಆಗುತ್ತೆ. ನಾವು ಬೆಳಗಾವಿಗೆ ಬಂದಾಗ ನನಗೆ ಏಳು ವರ್ಷ. ಪಕ್ಕದ ಮನೆಯ ಮರಾಠಿ ಹುಡುಗಿ ಕಾಂಪೌಂಡ್ ಮೇಲಿಂದ ‘ಯೇ’ ಅಂದಳು. ‘ಬಾ’ ಅಂತ ಕರೆದಿದ್ದು. ನಾನು ‘ಏ’ ಅಂತ ಗದರಿಸಿದಳು ಅಂದುಕೊಂಡು ಅಳುತ್ತಾ ಒಳಗೆ ಓಡಿದೆ. ಸಂಜೆ ಬಟ್ಟಲಲ್ಲಿ ಕುಂದಾ ಹಿಡಿದು ಅವಳೇ ಬಂದಳು.

ಬಾಗಲಕೋಟೆ ಬಾಬು:
ಮುಂದೆ ನೋಡಿ. ಆಲಿಸ್ ಜಪಾನಿ ಕಲಿತು ಶಿನೊಬು ಊರಿಗೇ ಓದೋಕೆ ಬರುತ್ತಾಳೆ. ಶಿನೊಬು ಇಂಗ್ಲಿಷ್ ಮಾತ್ರ ಅಷ್ಟಕ್ಕಷ್ಟೇ. ದೋಸ್ತಿ ಮಾತಿಲ್ಲದೆ ಶುರುವಾಯ್ತು ಸರಿ, ಉಳಿಸಿಕೊಳ್ಳೋಕೆ ಒಬ್ಬಳು ಜಾಸ್ತಿನೇ ಕಷ್ಟಪಟ್ಟಳು. ಅದನ್ನ ಯಾರೂ ಹೇಳಲ್ಲ.

ಗುಮ್ಮಟದೂರಿನವ:
ಅಕ್ಕ, ಆ ಗೆಳತಿ ಈಗ ಎಲ್ಲಿದ್ದಾರೆ?

ಟಿಳಕವಾಡಿ ಹುಡುಗಿ:
ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಾಳೆ. ಕನ್ನಡದಲ್ಲಿ ನನಗಿಂತ ಚೆನ್ನಾಗಿ ಬೈತಾಳೆ.