‘ಚೆಕ್’ ಅನ್ನುವ ಒಂದೇ ಪದಕ್ಕೆ ಇಷ್ಟೊಂದು ಅರ್ಥ ಎಲ್ಲಿಂದ ಬಂತು?

ಪುಟತಿರುವಿ:
ಅಂಗಿಯ ಮೇಲೆ ಚೆಕ್ಸ್. ಬ್ಯಾಂಕಿಗೆ ಕೊಡುವ ಚೆಕ್. ದಾರಿಯಲ್ಲಿ ಚೆಕ್ ಪೋಸ್ಟ್. ಚೆಸ್ ಆಡುವಾಗ ರಾಜನಿಗೆ ಚೆಕ್. ‘ಸ್ವಲ್ಪ ಚೆಕ್ ಮಾಡಿ ಹೇಳಿ’ ಅನ್ನುವುದಂತೂ ಬಾಯಿಪಾಠ. ಇಂಗ್ಲಿಷಿನಲ್ಲಿ ಇವೆಲ್ಲ ಒಂದೇ ಪದವಾ? ಇಲ್ಲ, ಸುಮ್ನೆ ಒಂದೇ ಥರ ಕೇಳಿಸುತ್ತವಾ? ನಿಘಂಟು ತೆಗೆದರೆ ಅರ್ಥಗಳು ಸಾಲುಗಟ್ಟಿವೆ, ಒಂದಕ್ಕೊಂದು ನಂಟು ಮಾತ್ರ ಕಾಣುವುದಿಲ್ಲ.

ಮೂಲೆಯ ಕಾಲಾಳು:
ಎಲ್ಲವೂ ಒಂದೇ. ಬೇರು ಇರುವುದು ಚದುರಂಗದಲ್ಲಿ.

ಪರ್ಷಿಯನ್ನಿನಲ್ಲಿ ರಾಜನಿಗೆ ‘ಶಾಹ್’ ಅನ್ನುತ್ತಾರೆ. ಎದುರಾಳಿಯ ರಾಜನಿಗೆ ಗುರಿಯಿಟ್ಟಾಗ ‘ಶಾಹ್’ ಅಂತ ಕೂಗಿ ಎಚ್ಚರಿಸುತ್ತಿದ್ದರು. ಆಟ ಅರಬ್ಬರ ಮೂಲಕ ಯುರೋಪಿಗೆ ಹೋಯಿತು. ಆ ಕೂಗು ಲ್ಯಾಟಿನ್ನಿನಲ್ಲಿ ‘ಸ್ಕಾಕಸ್’, ಹಳೆಯ ಫ್ರೆಂಚಿನಲ್ಲಿ ‘ಎಸ್ಚೆಕ್’ ಆಗಿ, ಇಂಗ್ಲಿಷಿಗೆ ಬರುವಷ್ಟರಲ್ಲಿ ಮುಂದಿನ ಭಾಗ ಉದುರಿ ‘ಚೆಕ್’ ಉಳಿಯಿತು. ‘ಚೆಸ್’ ಕೂಡ ಇದೇ ಪದದ ಬಹುವಚನ.

ಈಗ ಮಣೆ ನೋಡಿ. ಚೆಕ್ ಬಿತ್ತು ಅಂದರೆ ನೀವು ಹಾಕಿಕೊಂಡಿದ್ದ ಲೆಕ್ಕಾಚಾರವೆಲ್ಲ ಅಲ್ಲೇ ನಿಂತಿತು. ಮಂತ್ರಿಯನ್ನು ಎಲ್ಲಿಗೋ ನುಗ್ಗಿಸುವ ಆಸೆ ಇದ್ದರೂ ಆಗುವುದಿಲ್ಲ. ರಾಜ ಸರಿಯಬೇಕು, ಇಲ್ಲ ಅಡ್ಡ ಒಂದು ಕಾಯಿ ಇಡಬೇಕು, ಇಲ್ಲ ಚೆಕ್ ಕೊಟ್ಟ ಕಾಯನ್ನೇ ಹೊಡೆಯಬೇಕು. ಈ ‘ತಡೆದು ನಿಲ್ಲಿಸು’ ಅನ್ನುವ ಅರ್ಥವೇ ಆಟದಿಂದ ಹೊರಗೆ ಬಂತು. ತಡೆಯುವುದು, ಹತೋಟಿಯಲ್ಲಿಡುವುದು, ಆಮೇಲೆ ಸರಿಯಿದೆಯಾ ಅಂತ ನೋಡುವುದು. ಚೆಕ್ ಪೋಸ್ಟಿನಲ್ಲಿ ಇವತ್ತಿಗೂ ಅದೇ ಅಲ್ವಾ? ಮೊದಲು ಗಾಡಿ ನಿಲ್ಲಿಸುತ್ತಾರೆ, ಆಮೇಲೆ ಒಳಗೆ ಇಣುಕುತ್ತಾರೆ.

ಅಂಗಿಗೆ ಇಷ್ಟೆಲ್ಲ ಸುತ್ತು ಬೇಡ. ಚೌಕಳಿಗಳು ಚೆಸ್ ಮಣೆಯ ಮನೆಗಳ ಥರ ಇವೆ, ಅಷ್ಟೇ.

ಹಳೇ ಲೆಡ್ಜರ್:
ಬ್ಯಾಂಕಿನ ಚೆಕ್ ಬಗ್ಗೆ ನಾನು ಹೇಳುತ್ತೇನೆ, ಕೌಂಟರಿನ ಹಿಂದೆ ಕೂತು ಸವೆದವನು. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಮೊದಲು ಈ ಹೆಸರಿದ್ದದ್ದು ಹಣದ ಕಾಗದಕ್ಕಲ್ಲ, ನಾವು ಕೌಂಟರ್‌ಫಾಯಿಲ್ ಅನ್ನುವ ಉಳಿಕೆ ತುಂಡಿಗೆ. ಯಾರಾದರೂ ಮೊತ್ತ ತಿದ್ದಿದ್ದಾರಾ ಅಂತ ತಾಳೆ ನೋಡಲು ಅದು ಬೇಕಿತ್ತು. ಆಮೇಲೆ ಹೆಸರು ಹರಿದುಕೊಟ್ಟ ಕಾಗದಕ್ಕೇ ಅಂಟಿತು. ಆ ತುಂಡನ್ನು ಖಾಲಿ ಬಿಟ್ಟು, ‘ಯಾರಿಗೆ ಬರೆದುಕೊಟ್ಟೆನೋ ನೆನಪಿಲ್ಲ ಸರ್’ ಅಂತ ಬರುವವರಿಗೆ ಈ ಕಥೆ ಹೇಳಬೇಕು ಅನ್ನಿಸುತ್ತಿತ್ತು. ಹಿಂದೆ ಕ್ಯೂ ಇರುತ್ತಿತ್ತು, ಹೇಳಲಿಲ್ಲ.

ಬ್ರಿಟಿಷರು ಕೊನೆಯಲ್ಲಿ ‘ಕೆ’ ಬಿಟ್ಟು ‘ಕ್ಯು’ ಅಕ್ಷರ ಹಾಕುವುದು ‘ಎಕ್ಸ್‌ಚೆಕರ್’ ಪದದ ಪ್ರಭಾವದಿಂದ. ಅಮೆರಿಕದವರು ‘ಕೆ’ಯನ್ನೇ ಇಟ್ಟುಕೊಂಡರು. ಎಕ್ಸ್‌ಚೆಕರ್ ಅಂದರೆ ಇಂಗ್ಲೆಂಡಿನ ರಾಜನ ಖಜಾನೆ. ಅದರ ಮೂಲ ಅರ್ಥ ಚೆಸ್ ಮಣೆ! 12ನೇ ಶತಮಾನದಲ್ಲಿ 2ನೇ ಹೆನ್ರಿಯ ಖಜಾಂಚಿ ರಿಚರ್ಡ್ ಫಿಟ್ಜ್‌ನೀಲ್ ಅದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಸುಮಾರು 10 ಅಡಿ ಉದ್ದ, 5 ಅಡಿ ಅಗಲದ ಮೇಜು. ಮೇಲಿಟ್ಟದ್ದು ಉರುಳದಂತೆ ಸುತ್ತಲೂ 4 ಬೆರಳೆತ್ತರದ ಅಂಚು. ಗೆರೆ ಎಳೆದ ಕಪ್ಪು ಬಟ್ಟೆ ಹಾಸಿ, ಪೌಂಡು, ಶಿಲಿಂಗು, ಪೆನ್ನಿ ಅನ್ನುವ ಹಣದ ಲೆಕ್ಕಗಳಿಗೆ ಬೇರೆ ಬೇರೆ ಸಾಲು ಮಾಡಿ, ಬಿಲ್ಲೆ ಜೋಡಿಸಿ ಎಣಿಸುತ್ತಿದ್ದರು. ಲೆಕ್ಕ ಒಪ್ಪಿಸಲು ಬಂದ ಶೆರಿಫನಿಗೂ (ಜಿಲ್ಲೆಯಲ್ಲಿ ರಾಜನ ಅಧಿಕಾರಿ) ಖಜಾಂಚಿಗೂ ಅಲ್ಲಿ ಚದುರಂಗದ ಕಾಳಗವೇ ಅಂತ ಅವನೇ ಹೇಳಿದ್ದಾನೆ. ಆಡಿಟ್ ದಿನ ಕಂಡವರಿಗೆ ಇದು ಉತ್ಪ್ರೇಕ್ಷೆ ಅನ್ನಿಸುವುದಿಲ್ಲ.

ಪುಟತಿರುವಿ:
ವಾಹ್! ಹಾಗಾದರೆ ‘ಚೆಕ್‌ಮೇಟ್’ನ ಮೇಟ್ ಗೆಳೆಯ ಅಲ್ಲ ಅಂತಾಯಿತು. ಚೆಕ್ ಗಣರಾಜ್ಯವೂ ಇದೇ ಸಂಸಾರವಾ?

ಮೂಲೆಯ ಕಾಲಾಳು:
ಗೆಳೆಯ ಅಲ್ಲವೇ ಅಲ್ಲ, ಅದು ‘ಶಾಹ್ ಮಾತ್’. ‘ರಾಜ ಸತ್ತ’ ಅಂತ ಜಾಸ್ತಿ ಜನ ಅರ್ಥ ಹೇಳುತ್ತಾರೆ, ಅರಬ್ಬಿಯಲ್ಲಿ ‘ಮಾತ’ ಅಂದರೆ ಸತ್ತ. ನನಗೆ ಒಪ್ಪುವುದು ಪರ್ಷಿಯನ್ ಅರ್ಥ: ದಿಕ್ಕು ತೋಚದೆ ನಿಂತವನು. ಆಟದಲ್ಲಿ ರಾಜನನ್ನು ಯಾರೂ ಹೊಡೆದು ಮಣೆಯಿಂದ ಎತ್ತುವುದಿಲ್ಲವಲ್ಲ.

ಚೆಕ್ ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಆ ಜನ ತಮ್ಮನ್ನು ಕರೆದುಕೊಳ್ಳುವ ಹೆಸರು. ಇಂಗ್ಲಿಷಿನಲ್ಲಿ ಕಾಗುಣಿತವೇ ಬೇರೆ.