ಒಂದೇ ವೈಫೈ, 24 ಹುಡುಗರು: ನೆಟ್‌ವರ್ಕ್ ಅಣ್ಣನನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ತುಮಕೂರಿನ ಹಾಸ್ಟೆಲ್, ಅಂಗಡಿ, ಕಲ್ಯಾಣ ಮಂಟಪಗಳಿಗೆ ನೆಟ್‌ವರ್ಕ್ ಹಾಕಿಕೊಡುವ ನಮ್ಮ ಅಣ್ಣ ಈ ಭಾನುವಾರ ಸಂಜೆ ಗುಂಪಿನಲ್ಲಿ ಸಿಗುತ್ತಾರೆ. ವಿಷಯ: ಒಂದು ವೈಫೈಯನ್ನು ಹತ್ತಾರು ಜನಕ್ಕೆ ಜಗಳವಿಲ್ಲದೆ ಹಂಚುವುದು. ದಯವಿಟ್ಟು ಶುಭ ಸಂಜೆ ಫೋಟೊ ಹಾಕಬೇಡಿ.

ಬಟವಾಡಿ ಪಿಜಿ: ಅಣ್ಣಾ, ನಮ್ಮದು ಹುಡುಗರ ಪಿಜಿ, 24 ಜನ. ಲೈನ್ 100 ಎಂಬಿಪಿಎಸ್, ಅಪ್‌ಲೋಡ್ 20. ಜಗಳ ಬೇಡ ಅಂತ 100ನ್ನು 24ರಿಂದ ಭಾಗಿಸಿ ತಲೆಗೆ 4ರಂತೆ ಡೌನ್‌ಲೋಡ್ ಲಿಮಿಟ್ ಹಾಕಿಸಿದೆ. ಆದರೂ ರಾತ್ರಿ ಎಂಟಾದರೆ ಯಾರಿಗೂ ಏನೂ ಓಡುವುದಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ನಾನೊಬ್ಬಳೇ ಇದ್ದರೂ 4ರ ಮೇಲೆ ಬರುವುದಿಲ್ಲ.

ಶಿರಾ ಗೇಟ್: ನಮ್ಮನೇಲೂ ಸ್ಲೋ. ಏನು ಮಾಡಲಿ?

ನೆಟ್‌ವರ್ಕ್ ಅಣ್ಣ: ಎಷ್ಟು ಜನ, ಯಾವ ಪ್ಲಾನ್, ಕೇಬಲ್ ಚುಚ್ಚಿ ನೋಡಿದರೆ ಎಷ್ಟು ಬರುತ್ತೆ? ಇಷ್ಟು ಹೇಳಿ, ಆಮೇಲೆ ನೋಡೋಣ.
ಪಿಜಿ ಮೇಡಂ, ರೂಟರ್ ಪೇಜಿನಲ್ಲಿ ಪ್ರತಿ ಫೋನಿನ ಮುಂದೆ ಒಂದು ರೇಟ್ ಇರುತ್ತೆ, ಅಂದರೆ ಆ ಫೋನು ರೂಟರ್ ಜೊತೆ ಎಷ್ಟು ಎಂಬಿಪಿಎಸ್‌ನಲ್ಲಿ ಮಾತಾಡುತ್ತಿದೆ ಅಂತ. ಅದರ ಫೋಟೊ ಹಾಕಿ. ರೂಟರ್ ಎಲ್ಲಿಟ್ಟಿದ್ದೀರಿ?

ಬಟವಾಡಿ ಪಿಜಿ: ಕೆಳಗೆ ಅಡುಗೆಮನೆಯಲ್ಲಿ, ಫ್ರಿಜ್ ಮೇಲೆ. ಮೊದಲನೇ ಮಹಡಿಯಲ್ಲಿ ಒಂದು ರಿಪೀಟರ್ ಇದೆ. ಫೋಟೊ ಹಾಕಿದೆ. ಎಲ್ಲರದ್ದೂ 65, 72 ಅಂತಿದೆ. ಎರಡಕ್ಕೆ ಮಾತ್ರ 1.

ನೆಟ್‌ವರ್ಕ್ ಅಣ್ಣ: ಕಳ್ಳ ಸಿಕ್ಕಿದ. ಆ ಎರಡು 1. ಸಿಗ್ನಲ್ ಸಾಲದ ಫೋನಿನ ರೇಟ್ ಹೀಗೆ ಬೀಳುತ್ತೆ.
ಬೇಸಿಗೆಯಲ್ಲಿ ಟ್ಯಾಂಕರ್ ಮುಂದೆ ಕ್ಯೂ ನಿಲ್ಲುತ್ತೀವಲ್ಲ, ಹಾಗೆ. ಒಂದೇ ಪೈಪು, ಸರದಿಗೆ ಒಂದೊಂದು ಬಿಂದಿಗೆ. ಯಾರಿಗೂ ಅನ್ಯಾಯ ಇಲ್ಲ. ಆದರೆ ಒಬ್ಬರ ಬಿಂದಿಗೆಯ ಬಾಯಿ ಬೆರಳಗಲ. ಅವರ ಸರದಿ ಬಂದಾಗಲೆಲ್ಲ ಪೈಪು ಅಲ್ಲೇ ನಿಲ್ಲುತ್ತೆ, ಹಿಂದಿನವರು ಕಾಯುತ್ತಾರೆ. ವೈಫೈ ಹಂಚುವುದು ಸರದಿಯನ್ನು, ಹೊತ್ತನ್ನಲ್ಲ. 1500 ಬೈಟಿನ ಒಂದು ಪ್ಯಾಕೆಟ್, ಅಂದರೆ ಡೇಟಾದ ಒಂದು ತುಂಡು, 60 ಎಂಬಿಪಿಎಸ್‌ನಲ್ಲಿ ಹೋಗಲು 0.2 ಮಿಲಿಸೆಕೆಂಡ್ ಸಾಕು. 1ರಲ್ಲಿ 12 ಮಿಲಿಸೆಕೆಂಡ್ ಬೇಕು. ಇತರೆ ಖರ್ಚು ಬಿಟ್ಟೇ 60 ಪಟ್ಟು. ನೀವು ಹಾಕಿಸಿದ 4ರ ಲಿಮಿಟ್ ಅವನಿಗೆ ತಾಗುವುದೇ ಇಲ್ಲ. 1ರಲ್ಲಿ ತೆವಳುವವನು 4 ಮುಟ್ಟುವುದು ಯಾವಾಗ?
ರಿಪೀಟರ್ ಇನ್ನೊಂದು ತಲೆನೋವು. ಅಗ್ಗದ್ದರಲ್ಲಿ ಒಂದೇ ರೇಡಿಯೊ ಇರುತ್ತೆ. ಕೇಳಿದ್ದನ್ನೇ ಮತ್ತೆ ಕೂಗುತ್ತೆ. ಒಂದೇ ಪ್ಯಾಕೆಟ್ ಎರಡು ಸಲ ಗಾಳಿಯಲ್ಲಿ ಹೋದರೆ ಅರ್ಧ ವೇಗ ಅಲ್ಲೇ ಹೋಯಿತು. ಅದನ್ನು ಕಿತ್ತು, ಮೇಲಕ್ಕೆ ಕ್ಯಾಟ್ 6 ಕೇಬಲ್ ಎಳೆಸಿ, ಒಂದು ಆಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದದ್ದನ್ನು ವೈಫೈಯಾಗಿ ಕೊಡುವ ಪೆಟ್ಟಿಗೆ) ಹಾಕಿಸಿ. ಒಂದಕ್ಕೊಂದು ಅಡ್ಡ ಬರದಂತೆ ಕೆಳಗಿನದು ಚಾನಲ್ 1, ಮೇಲಿನದು ಚಾನಲ್ 11. ಆಮೇಲೆ 1, 2, 5.5, 11 ಎಂಬಿಪಿಎಸ್‌ನ ಹಳೇ ರೇಟ್‌ಗಳನ್ನು ಆಫ್ ಮಾಡಿ. ಏರ್‌ಟೈಮ್ ಫೇರ್‌ನೆಸ್ ಅಂತ ಸ್ವಿಚ್ ಇದ್ದರೆ ಆನ್ ಮಾಡಿ, ಅದು ಸರದಿ ಬದಲು ಹೊತ್ತು ಹಂಚುತ್ತೆ. ಕೇಬಲ್‌ಗೂ ಮುಂಚೆ ರೇಟ್ ಆಫ್ ಮಾಡಬೇಡಿ, ಮೂಲೆ ರೂಮಿಗೆ ಇರೋದೂ ಹೋಗುತ್ತೆ. ಮತ್ತೆ, ಫ್ರಿಜ್ ಮೇಲಿಂದ ಇಳಿಸಿ.
ಇನ್ನೊಂದು ಅನುಮಾನ ಇದೆ. ಈಗ ಎಂಟಾಯಿತಲ್ಲ, ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿ ಗೂಗಲ್‌ನ 8.8.8.8 ವಿಳಾಸಕ್ಕೆ ಪಿಂಗ್ ಹೊಡೆದು, ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಆಯಿತು ಅಂತ ಹೇಳಿ.

ಗುಬ್ಬಿ ತೋಟ: ಸರ್, ಮನೆಯಿಂದ ತೋಟದ ಪಂಪ್‌ಹೌಸಿಗೆ 400 ಮೀಟರ್. ನಡುವೆ ತೆಂಗಿನಮರ. ವೈಫೈ ಮುಟ್ಟುತ್ತಾ?

ಕ್ಯಾತ್ಸಂದ್ರ: ಫಾರ್ವರ್ಡ್ ಬಂದಿತ್ತು: ಡಿಎನ್‌ಎಸ್ 1.1.1.1 ಹಾಕಿ, ರೂಟರ್ ಹಿಂದೆ ಅಲ್ಯೂಮಿನಿಯಂ ಫಾಯಿಲ್ ಇಟ್ಟರೆ ಎಲ್ಲರಿಗೂ ಸ್ಪೀಡ್ ಡಬಲ್. ನಿಜಾನಾ?

ನೆಟ್‌ವರ್ಕ್ ಅಣ್ಣ: ಡಿಎನ್‌ಎಸ್ ಅಂದರೆ ವಿಳಾಸ ಹುಡುಕುವ ಪುಸ್ತಕ. ಪುಸ್ತಕ ಬದಲಿಸಿದರೆ ರಸ್ತೆ ಅಗಲ ಆಗುವುದಿಲ್ಲ. ಫಾಯಿಲ್ ಚಪಾತಿಗೆ.

ಶಿರಾ ಗೇಟ್: ಸರ್ ನಮ್ಮನೇಲೂ ಸ್ಲೋ ಅಂದಿದ್ದೆ.

ನೆಟ್‌ವರ್ಕ್ ಅಣ್ಣ: ಮೂರು ಪ್ರಶ್ನೆ ಕೇಳಿದ್ದೆ.

ಮರಳೂರು: ಒಂದು ಆ್ಯಪ್ ಇದೆ, ಜಾಸ್ತಿ ಎಳೆಯುವವರನ್ನು ನಮ್ಮ ಫೋನಿಂದಲೇ ಕಟ್ ಮಾಡಬಹುದು. ಪಿಜಿಗೆ ಅದೇ ಬೆಸ್ಟ್. ನಾನೂ ಬಳಸುತ್ತೇನೆ.

ನೆಟ್‌ವರ್ಕ್ ಅಣ್ಣ: ಇದನ್ನು ಇಲ್ಲಿ ಹಂಚಬೇಡಿ. ಆ ಆ್ಯಪ್ ಉಳಿದ ಫೋನುಗಳಿಗೆ 'ನಾನೇ ರೂಟರ್' ಅಂತ ಸುಳ್ಳು ಹೇಳುತ್ತೆ. ಅವರ ಡೇಟಾ ನಿಮ್ಮ ಫೋನಿನ ಕಡೆ ತಿರುಗುತ್ತೆ. ಬೇರೆಯವರ ಸಂಪರ್ಕ ತಡೆಯುವುದು ಐಟಿ ಕಾಯ್ದೆಯ 43ನೇ ಸೆಕ್ಷನ್‌ಗೆ ಬರುತ್ತೆ. ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಮಾಡಿದರೆ 66ರಡಿ ಮೂರು ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ತಮಾಷೆ ಅಲ್ಲ.

ಮರಳೂರು: ಯಾರಿಗೂ ಗೊತ್ತಾಗಲ್ಲ ಬಿಡಿ.

ಎಸ್‌ಎಸ್ ಪುರಂ: ಗೊತ್ತಾಯ್ತು. ನಮ್ಮ ಬಿಲ್ಡಿಂಗಲ್ಲಿ ಆರು ಗಂಟೆಗೆ ನನ್ನ ಮೀಟಿಂಗ್ ಕಟ್ಟಾಗೋದು ನಿಮ್ಮಿಂದಾನೇ ತಾನೇ? ನೀವು ಮೇಲಿನ ಮನೆಯವರ ತಮ್ಮ ಅಲ್ವಾ?

ಮರಳೂರು: ನಾನು ಮರಳೂರಲ್ಲಿ ಇರೋದು ಮೇಡಂ.

ಎಸ್‌ಎಸ್ ಪುರಂ: ಶನಿವಾರ, ಭಾನುವಾರ ಎಲ್ಲಿರ್ತೀರಿ? ಮ್ಯಾಚ್ ಇದ್ದ ದಿನ ಮೂರು ಟಿವಿ, ಎಲ್ಲ ಫೋರ್‌ಕೆ. ಬಿಲ್ ಮಾತ್ರ ಸಮಪಾಲು.

ಕ್ಯಾತ್ಸಂದ್ರ: ಕೆಲಸ ಮಾಡುವವರಿಗೆ ಮೊದಲು ಕೊಡಬೇಕು ಅಷ್ಟೆ.

ಮರಳೂರು: ದುಡ್ಡು ಸಮ ಅಂದಮೇಲೆ ಮೊದಲು, ಕೊನೆ ಏನು? ಮೀಟಿಂಗ್ ಮಾಡಿದರೆ ದೊಡ್ಡವರಾ?

ಅಡ್ಮಿನ್: ಮನೆ ಜಗಳ ಮನೆಯಲ್ಲಿ.

ಬಟವಾಡಿ ಪಿಜಿ: ಅಣ್ಣಾ, ಪಿಂಗ್ ಬೆಳಿಗ್ಗೆ 14 ಇತ್ತು. ಈಗ 870!

ನೆಟ್‌ವರ್ಕ್ ಅಣ್ಣ: ಅನುಮಾನ ನಿಜವಾಯಿತು. ಕೇಬಲ್‌ನಲ್ಲೂ 870 ಅಂದರೆ ಗಾಳಿಯದ್ದಷ್ಟೇ ಅಲ್ಲ, ಲೈನೇ ಕಟ್ಟಿಕೊಂಡಿದೆ. ಹುಡುಗರು ರೂಮಿಗೆ ಬಂದ ತಕ್ಷಣ ಫೋನುಗಳು ಫೋಟೊ ಬ್ಯಾಕಪ್ ಶುರು ಮಾಡುತ್ತವೆ. ಡೌನ್‌ಲೋಡಿಗೆ ಲಿಮಿಟ್ ಇದೆ, ಅಪ್‌ಲೋಡಿಗೆ ಇಲ್ಲ. ಆ 20 ತುಂಬಿ ಮೋಡೆಮ್‌ನಲ್ಲಿ ಕ್ಯೂ ಬೆಳೆಯುತ್ತೆ. ಇಳಿದು ಬಂದ ಡೇಟಾಗೆ 'ತಲುಪಿತು' ಅನ್ನುವ ಉತ್ತರವೂ ಅದೇ ಕ್ಯೂನಲ್ಲಿ ಹೋಗಬೇಕು. ಅದು ತಡವಾದರೆ ಡೌನ್‌ಲೋಡೂ ನಿಲ್ಲುತ್ತೆ.
ರೂಟರಿನಲ್ಲಿ ಒಟ್ಟು ಅಪ್‌ಲೋಡಿಗೆ 17, ಒಟ್ಟು ಡೌನ್‌ಲೋಡಿಗೆ 90 ಎಂಬಿಪಿಎಸ್ ಲಿಮಿಟ್ ಹಾಕಿ. ಆಗ ಕ್ಯೂ ಮೋಡೆಮ್‌ನಲ್ಲಲ್ಲ, ನಿಮ್ಮ ರೂಟರಿನಲ್ಲಿ ನಿಲ್ಲುತ್ತೆ, ನಿಮ್ಮ ಕೈಗೆ ಸಿಗುತ್ತೆ. ರೂಟರಿನ ಸಾಫ್ಟ್‌ವೇರ್ ಓಪನ್‌ಡಬ್ಲ್ಯುಆರ್‌ಟಿ ಆದರೆ ಎಸ್‌ಕ್ಯೂಎಂ ಅನ್ನುವ ಕ್ಯೂ ಸೆಟ್ಟಿಂಗ್‌ನಲ್ಲಿ ಕೇಕ್ ಆರಿಸಿ. ಮೈಕ್ರೊಟಿಕ್ ಕಂಪನಿಯ ರೂಟರ್ ಆದರೆ ಪಿಸಿಕ್ಯೂ. ಎರಡೂ ಕ್ಯೂ ಹಂಚುವ ವಿಧಾನಗಳೇ. ತಲೆಗೆ 4ರ ಲಿಮಿಟ್ ತೆಗೆದುಬಿಡಿ. ಆ ಹೊತ್ತಿಗೆ ಯಾರು ಬಳಸುತ್ತಿದ್ದಾರೋ ಅವರ ನಡುವೆ ಮಾತ್ರ ಪಾಲು ಬೀಳುತ್ತೆ. ಹನ್ನೊಂದಕ್ಕೆ ನೀವೊಬ್ಬರೇ ಇದ್ದರೆ ಪೂರ್ತಿ ನಿಮ್ಮದು.

ಹೊಸಬರು: ನಾನು ಅದೇ ಪಿಜಿ. ಮೂಲೆ ರೂಮು. ಆ 1 ನಮ್ಮದೇ ಇರಬೇಕು. ಕಳ್ಳ ಅಂದಿರಲ್ಲ ಸರ್, ಆರು ತಿಂಗಳಿಂದ ಸಿಗ್ನಲ್ ಇಲ್ಲ ಅಂತ ಆಂಟಿಗೆ ಹೇಳುತ್ತಲೇ ಇದ್ದೇವೆ.

ನೆಟ್‌ವರ್ಕ್ ಅಣ್ಣ: ಸರಿ ತಮ್ಮಾ, ತಪ್ಪು ನನ್ನದು. ದೂರದವರ ತಪ್ಪೇನಿಲ್ಲ, ದೂರ ಇಟ್ಟವರದ್ದು.

ಬಟವಾಡಿ ಪಿಜಿ: ಹೋದ ತಿಂಗಳ ಬಾಡಿಗೆ ಕೊಟ್ಟು ಆಮೇಲೆ ಮಾತಾಡಪ್ಪಾ.

ಹೊಸಬರು: ಬಾಡಿಗೆಯಲ್ಲಿ ವೈಫೈ ಸೇರಿದೆ ಅಂತ ಬೋರ್ಡ್ ಹಾಕಿದ್ದೀರಿ ಆಂಟಿ.

ಶಿರಾ ಗೇಟ್: ನನ್ನ ಲೈನನ್ನು ಪಕ್ಕದ ನಾಲ್ಕು ಅಂಗಡಿಗೆ 200 ರೂಪಾಯಿಯಂತೆ ಕೊಟ್ಟಿದ್ದೇನೆ. ಅದಕ್ಕೇ ಸ್ಲೋನಾ?

ನೆಟ್‌ವರ್ಕ್ ಅಣ್ಣ: ಈಗ ಹೇಳ್ತೀರಾ! ಮನೆ ಪ್ಲಾನನ್ನು ಹಾಗೆ ಮಾರುವಂತಿಲ್ಲ. ಪಿಎಂ-ವಾಣಿ ನೋಡಿ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ, ಅಂಗಡಿಯವರು ಲೈಸೆನ್ಸ್ ಇಲ್ಲದೆ ವೈಫೈ ಕೊಡಬಹುದು.

ಕುಣಿಗಲ್ ರಸ್ತೆ: ಸರ್, ಡಿಎನ್‌ಎಸ್ ಬದಲಿಸಿದರೆ ಸ್ಪೀಡ್ ಬರುತ್ತಂತೆ?

ನೆಟ್‌ವರ್ಕ್ ಅಣ್ಣ: ಮೇಲೆ ಓದಿ. ನಾನು ಊಟಕ್ಕೆ ಹೊರಟೆ.

ಎಸ್‌ಎಸ್ ಪುರಂ: ಸರ್, ಆ ಆ್ಯಪ್ ಹಾಕಿರೋದು ಯಾರು ಅಂತ ಹಿಡಿಯುವುದು ಹೇಗೆ, ಅದೊಂದು ಹೇಳಿ ಹೋಗಿ.

(ಮರಳೂರು ಗುಂಪು ಬಿಟ್ಟರು.)

ಗುಬ್ಬಿ ತೋಟ: 400 ಮೀಟರ್ ಸರ್. ತೆಂಗಿನಮರ.